ಕಿಸೆಯಿಲ್ಲದ ಅಂಗಿಯೂ ಮನಿಲಾದ ಪ್ರಶಸ್ತಿಯೂ

"ತಮ್ಮಾ, ಆ ಮ್ಯಾಗ್ಸೆಸೆಗೆ ಅರ್ಜಿ ಎಲ್ಲಿ ಸಿಗತಾವೋ?" ಬೇಲಿಯಾಚೆಯಿಂದ ಕಾಕಾ ಕೇಳಿದರು.

"ಯಾರಿಗೆ ಕಾಕಾ?"

"ನಮ್ಮ ಬೀಗರೊಬ್ಬರು ಫೈಲ್ ಮಾಡ್ಯಾರಪಾ. ಬಾಗೇವಾಡ್ಯಾಗ ಹಾಕಿದ ಶಾಲು, ಮುದ್ದೇಬಿಹಾಳದಾಗ ಹಾಕಿದ ಹಾರ, ಸಿಂದಗ್ಯಾಗ ಕೊಟ್ಟ ಫಲಕ, ನಮ್ಮ ಇಂಡ್ಯಾಗಿನ ಮೆರವಣಿಗಿ, ಎಲ್ಲಾದರ ಫೋಟೋ ಅಂಟಿಸ್ಯಾರ."

"ಅದಕ್ಕ ಅರ್ಜಿ ಹಾಕೂ ಪದ್ಧತಿ ಇಲ್ಲ ಕಾಕಾ. ಕೆಲಸ ನೋಡಿ ಅವರ ಹುಡುಕ್ಕೋತ ಬರ್ತಾರ."

ಕಾಕಾನ ಮುಖ ಸಪ್ಪಗಾಯಿತು. ಫಿಲಿಪೀನ್ಸಿನ ಅಧ್ಯಕ್ಷ ರಾಮೊನ್ ಮ್ಯಾಗ್ಸೆಸೆ 1957ರ ಮಾರ್ಚಿನಲ್ಲಿ ವಿಮಾನ ಬಿದ್ದು ತೀರಿಕೊಂಡದ್ದು, ಅದೇ ವರ್ಷ ರಾಕ್‌ಫೆಲರ್ ಮನೆತನದವರ ನಿಧಿಯಿಂದ ಅವರ ಹೆಸರಿನ ಪ್ರಶಸ್ತಿ ಹುಟ್ಟಿದ್ದು, 1958ರ ಮೊದಲ ಸಾಲಿನಲ್ಲೇ ಭೂದಾನದ ವಿನೋಬಾ ಇದ್ದದ್ದು, ಎಲ್ಲ ಹೇಳಿದೆ.

"ವಿನೋಬಾ ಫೈಲ್ ಹಿಡಕೊಂಡು ಓಡ್ಯಾಡಿರಲಿಕ್ಕಿಲ್ಲ ಬಿಡು. ನಮ್ಮ ಕನ್ನಡದವರು?"

ಹೆಗ್ಗೋಡಿನ ಸುಬ್ಬಣ್ಣನವರ ಮಾತು ತೆಗೆದೆ. ಸಾಗರ ತಾಲೂಕಿನ ಸಣ್ಣ ಹಳ್ಳಿ, ಮನೆಯಲ್ಲಿ ಅಡಿಕೆ ತೋಟ. 1949ರಲ್ಲಿ ಊರವರು ಕೂಡಿ ಕಟ್ಟಿದ ನಾಟಕ ಸಂಘ ನೀನಾಸಂ. 1980ರಲ್ಲಿ ಅಲ್ಲೇ ರಂಗಶಾಲೆ, 1985ರಲ್ಲಿ ಊರೂರು ಅಲೆಯುವ ತಿರುಗಾಟ. ಬೆಂಗಳೂರಿಗೆ ಗಂಟುಮೂಟೆ ಕಟ್ಟದೆ ಹಳ್ಳಿಯಲ್ಲೇ ಕೂತು ನಾಟಕ, ಸಿನೆಮಾ, ಪುಸ್ತಕ ಮೂರನ್ನೂ ಮಾಡಿದ ಮನುಷ್ಯನನ್ನು 1991ರಲ್ಲಿ ಮನಿಲಾದ ಈ ಪ್ರಶಸ್ತಿಯವರು ಗುರುತಿಸಿದರು.

"ನಾಟಕ ಆಡಿಸಿದವರಿಗೂ ಕೊಡ್ತಾರ?" ಕಾಕಾಗೆ ನಂಬಿಕೆ ಬರಲಿಲ್ಲ. ಜಾತ್ರೆಯ ಕಂಪನಿ ನಾಟಕ ನೋಡಿ ಬೆಳೆದವರು, ಪಾಪ.

ಬಡವರ ಮನೆಗೆ ಸಾಲದ ಮೇಲೆ ಸೋಲಾರ್ ದೀಪ ಮುಟ್ಟಿಸಿದ ಹರೀಶ್ ಹಂದೆಗೆ 2011ರಲ್ಲಿ ಬಂತು. ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್‌ಗೆ 2016ರಲ್ಲಿ. ಮಲ ಹೊರುವ ಕೆಲಸ ನಿಲ್ಲಬೇಕೆಂದು ಹೋರಾಡಿದವರು. ಸ್ವಂತ ಮನೆಯವರೇ ಆ ಕೆಲಸ ಮಾಡಿದ್ದನ್ನು ಕಂಡವರು. ಶಾಲು, ಹಾರ ಹಿಡಿದ ಸಂಘಗಳು ಹೆಜ್ಜೆ ಇಡದ ಓಣಿ ಅದು.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಬಿಜ್ಜರಗಿ ಸಿದ್ಧೇಶ್ವರ ಅಪ್ಪಾರು 2018ರಾಗ ಪದ್ಮಶ್ರೀನ ಬ್ಯಾಡಂದ್ರಲ್ಲೋ. ಅವರ ಅಂಗಿಗೆ ಕಿಸೇನ ಇರಲಿಲ್ಲ, ಪದಕ ಎಲ್ಲಿ ಇಟ್ಕೊಳ್ಳಬೇಕು?" ಎಂದರು.

"ಅದ ವರ್ಷ ಮಹಾಲಿಂಗಪುರದ ಇಬ್ರಾಹಿಂ ಸುತಾರರು ತಗೊಂಡ್ರಲ್ಲ ಕಾಕಾ?"

"ತಗೋಳಿ, ಯಾಕ ಬ್ಯಾಡ? ಭಜನಿ ಹಾಡಿ, ಊರೂರು ತಿರುಗಿ ಹಿಂದೂ-ಮುಸ್ಲಿಂ ಮಂದೀನ ಒಂದ ಚಾಪಿ ಮ್ಯಾಲ ಕುಂದರಿಸಿದ ಮನುಷ್ಯಾ. ಅವರಿಗೆ ಕೊಟ್ಟದ್ದು ಸರಕಾರ ಮಾಡಿದ ಚಲೋ ಕೆಲಸ."