ಕೌದಿ, ಕಣಕಿ ಮತ್ತು ಒಂದು ತುಂಡು ಫರ್ಸಿ

ಮಗಳು ಕೇಳಿದ್ದು ಚಿಂಚಿಲ್ಲಾ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ ಪ್ರಾಣಿ. ಒಂದೊಂದು ರೋಮಕೂಪದಿಂದ ಐವತ್ತಕ್ಕೂ ಹೆಚ್ಚು ಕೂದಲು ಹೊರಡುತ್ತವಂತೆ. (ನನ್ನ ತಲೆಯ ಮಾತು ಇಲ್ಲಿ ಬೇಡ.) ಆ ತುಪ್ಪಳಕ್ಕಾಗಿ ಜನ ಅದರ ವಂಶವನ್ನೇ ಮುಗಿಸಲು ಹೊರಟಾಗ ಅಲ್ಲಿಯ ನಾಲ್ಕು ದೇಶಗಳು 1910ರಲ್ಲಿ ಒಪ್ಪಂದ ಮಾಡಿಕೊಂಡವು. ಬಿಸಿ 25 ಡಿಗ್ರಿ ದಾಟಿದರೆ ಅದಕ್ಕೆ ಸಂಕಟ, ಇನ್ನೂ ಏರಿದರೆ ಪ್ರಾಣಕ್ಕೇ ಕುತ್ತು. ಮೇ ತಿಂಗಳಲ್ಲಿ ಕಲಬುರಗಿ 40ರ ಮೇಲೆ ಕುದಿಯುತ್ತದೆ. ಆ ಆಸೆ ಕೈಬಿಟ್ಟು, ಅದೇ ಸೀಮೆಯ ಗಿನಿಪಿಗ್ ತಂದೆವು. ಬಿಸಿಲು ಇದಕ್ಕೂ ಆಗದು ಎಂದು ಓದಿಕೊಂಡದ್ದು ಪ್ರಾಣಿ ಮನೆಗೆ ಬಂದ ಮೇಲೆ. ಹೆಸರು ಗುಂಡ್ಯಾ.

ಹಾಸಿಗೆಯ ಖಾತೆ ನನಗೆ ಬಂತು. ಬಡಿಗರ ಅಂಗಡಿಯಿಂದ ಒಂದು ಚೀಲ ಕಟ್ಟಿಗೆ ಹೊಟ್ಟು ತಂದೆ. ಘಮಘಮಿಸುತ್ತಿತ್ತು. ಆ ಘಮವೇ ಕೆಟ್ಟದ್ದು: ದೇವದಾರುವಿನಂಥ ಮರದ ಎಣ್ಣೆ ಇಂಥ ಪುಟ್ಟ ಪ್ರಾಣಿಗಳ ಉಸಿರಿಗೆ ತ್ರಾಸು. ಇದರಾಗ ಯಾವ ಕಟ್ಟಿಗೆ ಅದ ಎಂದು ಫೋನ್ ಮಾಡಿದರೆ ಬಡಿಗರು ಹೆಮ್ಮೆಯಿಂದ, "ಎಲ್ಲಾ ಅದಾವ್ರಿ ಸರ, ಪ್ಲೈವುಡ್ಡೂ ಅದ" ಎಂದರು. ಮೊದಲು ನಾನು ಸೀನಿದೆ, ಆಮೇಲೆ ಗುಂಡ್ಯಾ. ಹತ್ತಿ ಹಾಸೋಣವೆಂದರೆ ತಿಂದರೆ ಹೊಟ್ಟೆಯಲ್ಲಿ ಗಂಟಾಗುತ್ತದೆ. ಹಳೆ ಪೇಪರ್ ಸುರಕ್ಷಿತ, ಆದರೆ ಹಾಸುವ ಮೊದಲು ನಾನು ಪೂರ್ತಿ ಓದುತ್ತೇನೆ. ಅಷ್ಟರಲ್ಲಿ ಗುಂಡ್ಯಾನ ಎರಡು ನಿದ್ದೆ ಮುಗಿದಿರುತ್ತವೆ.

ಕೊನೆಗೆ ಹುಮನಾಬಾದ ರಸ್ತೆ ಹಿಡಿದು ಕಮಲಾಪುರಕ್ಕೆ, ಮಾವನ ಮನೆಗೆ ಹೋದೆ. ಜಿಐ ಮನ್ನಣೆ ಪಡೆದ ಕೆಂಪು ಬಾಳೆಯ ತೋಟದಲ್ಲಿ ನಿಂತು ಒಣ ಮೇವು ಬೇಡಿದ ಅಳಿಯ ನಾನೊಬ್ಬನೇ ಇರಬೇಕು.

"ಅಳಿಯಾರ, ಅದು ಹಾಲ ಕೊಡ್ತದೇನ್ರಿ?"

"ಇಲ್ರಿ ಮಾವ."

"ತತ್ತಿ?"

"ಅದೂ ಇಲ್ರಿ."

"ಮತ್ತ ಅದಕ್ಕ ಹಾಸಿಗಿ ಯಾಕ್ರಿ?"

ಈ ಪ್ರಶ್ನೆಗೆ ನನ್ನಲ್ಲಿ ಇವತ್ತಿಗೂ ಉತ್ತರವಿಲ್ಲ. ಆದರೂ ಮಾವ ಒಂದು ಸೂಡು ಜೋಳದ ಕಣಕಿ ಕಟ್ಟಿಸಿದರು, ಅತ್ತಿ ಒಂದು ಹಳೆ ಕೌದಿ ಕೊಟ್ಟರು. ಬಸ್ಸಿನಲ್ಲಿ ಪಕ್ಕದವರು, ಎಮ್ಮಿ ಎಷ್ಟು ಕಟ್ಟೀರಿ ಎಂದು ಕೇಳಿದರು. "ಒಂದ ಅದರಿ, ಒಂದು ಕಿಲೋದ್ದು" ಎಂದೆ. ಅವರು ಎದ್ದು ಬೇರೆ ಸೀಟಿಗೆ ಹೋದರು.

ಕಣಕಿಯ ದಂಟು ಚುಚ್ಚೀತೆಂದು ಎಳೆ ಗರಿಗಳನ್ನಷ್ಟೇ ಬಿಡಿಸಿ, ನಡುವು ನೋಯುವತನಕ ಕೂತು ಮೆತ್ತಗೆ ಹಾಸಿದೆ. ಬೆಳಗಾಗುವಷ್ಟರಲ್ಲಿ ಗುಂಡ್ಯಾ ಹಾಸಿಗೆ ತಿಂದು ಮುಗಿಸಿದ್ದ. ಅವನ ತಪ್ಪಿಲ್ಲ. ಗಿನಿಪಿಗ್ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಒಣ ಹುಲ್ಲು ಜಗಿದೇ ಸವೆಯಬೇಕು. ನಾನು ಊಟದ ಮೇಲೆ ಮಲಗಿಸಿದ್ದೆ, ಅಷ್ಟೇ. ಇನ್ನು ಕೌದಿ. ಅತ್ತಿಯ ಸೀರೆಗಳ ತುಂಡು, ಸಾಲು ಸಾಲು ಹೊಲಿಗೆ. ಅರ್ಧ ಗಂಟೆಯಲ್ಲಿ ಉಗುರು ದಾರಕ್ಕೆ ಸಿಕ್ಕಿ ಕೀಚ್ ಎಂದ. ದಾರ ಕಾಲಿಗೆ ಸುತ್ತಿಕೊಂಡರೆ ಬೆರಳಿಗೆ ರಕ್ತವೇ ಹೋಗದು, ನುಂಗಿದರೆ ಕರುಳಿಗೆ ತೊಡಕು. ಕೌದಿಯನ್ನು ಜಪ್ತು ಮಾಡಿ ನಾನೇ ಹೊದ್ದುಕೊಂಡೆ.

ಏಪ್ರಿಲ್ ಬಂದಾಗ ಹಾಸಿಗೆಯ ವ್ಯವಹಾರವನ್ನು ಗುಂಡ್ಯಾನೇ ಬಗೆಹರಿಸಿದ. ಪಂಜರದ ಬಾಗಿಲು ತೆರೆದದ್ದೇ ತಡ, ಪಡಸಾಲೆಯ ಶಹಾಬಾದ್ ಫರ್ಸಿಯ ಮೇಲೆ ಹೊಟ್ಟೆ ಹಚ್ಚಿ ಚಪ್ಪಟೆಯಾದ. ಹೊರದೇಶಗಳಲ್ಲಿ ಚಿಂಚಿಲ್ಲಾ ಸಾಕುವವರು ಪಂಜರದಲ್ಲಿಡಲೆಂದೇ ಗ್ರಾನೈಟ್ ಹಲಗೆ ಕೊಳ್ಳುತ್ತಾರೆ. ನಮ್ಮ ಜಿಲ್ಲೆಯ ಜನ ತಲೆಮಾರುಗಳಿಂದ ಬೇಸಿಗೆಯ ಮಧ್ಯಾಹ್ನ ಫರ್ಸಿಗೆ ನೀರು ಚಿಮುಕಿಸಿ ಅದರ ಮೇಲೇ ಉರುಳುತ್ತಾರೆ. ಬೆಚ್ಚನೆಯ ಹಾಸಿಗೆ ಹುಡುಕಿಕೊಂಡು ಊರೂರು ಅಲೆದವನು ನಾನೊಬ್ಬನೇ. ಬಚ್ಚಲು ಕಟ್ಟಿಸಿದಾಗ ಉಳಿದ ತುಂಡೊಂದನ್ನು ತೊಳೆದು, ಚೂಪು ಅಂಚು ಉಜ್ಜಿ, ಒಣಗಿಸಿ ಪಂಜರದ ಒಂದು ಮೂಲೆಗಿಟ್ಟೆ. ಎದುರಿಗೆ ಕೂಲರ್. ಆ ಕೂಲರಿನ ಗಾಳಿ ಈಗ ನನ್ನ ಕಡೆ ತಿರುಗುವುದಿಲ್ಲ.

ಮೊನ್ನೆ ಮಾವ ಫೋನ್ ಮಾಡಿದ್ದರು. "ಕಣಕಿ ಮುಗದಿರಬೇಕು, ಇನ್ನೊಂದು ಸೂಡು ಕಳಸ್ಲೇನವ್ವ?"

"ಬ್ಯಾಡಪ್ಪ," ಎಂದಳು ನನ್ನ ಹೆಂಡತಿ, "ಗುಂಡ್ಯಾಗ ಇನ್ನೂ ಅದ. ಇವರಿಗಿ ರೊಟ್ಟಿನೇ ನಡೀತದ."