ಪಕ್ಕದ ಮೇಜಿನ ಸೂತಕ: ಒಂದು ಮೀಮಾಂಸೆ

ತಾಲ್ಲೂಕು ಕಚೇರಿಯೊಂದರಲ್ಲಿ ದೇವದತ್ತ, ಯಜ್ಞದತ್ತ ಎಂಬ ಇಬ್ಬರು ಗುಮಾಸ್ತರಿದ್ದಾರೆ ಎಂದು ಇಟ್ಟುಕೊಳ್ಳೋಣ. ನಮ್ಮ ತರ್ಕ, ವ್ಯಾಕರಣ, ಮೀಮಾಂಸೆಯ ಗ್ರಂಥಗಳಲ್ಲಿ ಉದಾಹರಣೆಗಳಾಗಿ ಶತಮಾನಗಟ್ಟಲೆ ದುಡಿದರೂ ಈ ಇಬ್ಬರಿಗೆ ಇನ್ನೂ ನಿವೃತ್ತಿಯಾಗಿಲ್ಲ. ಆದಕಾರಣ ನಿಯೋಜನೆಯ ಮೇರೆಗೆ ಅವರನ್ನೇ ಇಲ್ಲಿಗೂ ಕರೆಸಿಕೊಂಡಿದ್ದೇವೆ. ಸೋಮವಾರ ಬೆಳಿಗ್ಗೆ ದೇವದತ್ತನ ಎಡಗಣ್ಣು ಕೆಂಪಾಗಿದೆ, ರೆಪ್ಪೆ ಊದಿದೆ, ಮೂಲೆಯಲ್ಲಿ ಪಿಸುರು ಕಟ್ಟಿದೆ. ಮದ್ರಾಸ್ ಐ. ಅವನ ಬಗ್ಗೆ ಶಾಸ್ತ್ರಕ್ಕೆ ಗೊಂದಲವಿಲ್ಲ: ಅವನು ರೋಗಿ, ಮನೆಗೆ ಹೋಗತಕ್ಕವನು. ತೊಡಕಿರುವುದು ಯಜ್ಞದತ್ತನಲ್ಲಿ. ಅವನ ಕಣ್ಣು ಬೆಳ್ಳಗಿದೆ. ಆದರೆ ಶನಿವಾರ (ಅದು ಎರಡನೆಯ ಶನಿವಾರವಾಗಿರಲಿಲ್ಲ, ನಾಲ್ಕನೆಯದೂ ಅಲ್ಲ) ಇಬ್ಬರೂ ಒಂದೇ ಸ್ಟ್ಯಾಂಪ್ ಪ್ಯಾಡಿಗೆ ಕೈ ಹಾಕಿದ್ದಾರೆ, ಒಂದೇ ಫೈಲು ತಿರುವಿದ್ದಾರೆ, ಬೈಟು ಕಾಫಿ ಕುಡಿದಿದ್ದಾರೆ. ಈಗ ಯಜ್ಞದತ್ತ ಮೇಜಿಗೆ ಕೂರಬೇಕೋ ಮನೆಗೆ ಹೊರಡಬೇಕೋ? ಇದು ವೈದ್ಯಕೀಯ ಪ್ರಶ್ನೆ ಎಂದು ಲೋಕ ನಂಬಿದೆ. ನಮ್ಮ ಪ್ರತಿಜ್ಞೆ ಬೇರೆ. ಇದು ಲೆಕ್ಕದ ಪುಸ್ತಕದ ಪ್ರಶ್ನೆ. ಯಜ್ಞದತ್ತ ಉಳಿಯುತ್ತಾನೋ ಹೊರಡುತ್ತಾನೋ ಎಂಬುದನ್ನು ತೀರ್ಮಾನಿಸುವುದು ವೈರಸ್ಸಲ್ಲ, ಅವನ ಖಾತೆಯಲ್ಲಿ ಉಳಿದ ಸಾಂದರ್ಭಿಕ ರಜೆ, ಅಂದರೆ ಸಿ.ಎಲ್.

ಮೊದಲು ಪ್ರಮಾಣಗಳ ವಿಚಾರ. ಪ್ರತ್ಯಕ್ಷ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಈ ಕಾಯಿಲೆ ತಗುಲಿದ ಮೇಲೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 5ರಿಂದ 12 ದಿನ ಹಿಡಿಯುತ್ತದೆ. ಅಷ್ಟು ದಿನ ಕನ್ನಡಿ ನೋಡಿಕೊಂಡರೂ ಕಾಣುವುದು ಬಿಳಿಯ ಕಣ್ಣೇ. ಶಬ್ದಪ್ರಮಾಣ ಎಂದರೆ ಈ ಕಾಲಕ್ಕೆ ಡಾಕ್ಟರ ಸರ್ಟಿಫಿಕೇಟು. ರೋಗ ಬಂದಿದೆ ಎಂದು ಡಾಕ್ಟರು ಬರೆದುಕೊಡುತ್ತಾರೆ, ವಾಸಿಯಾಗಿದೆ ಎಂದೂ ಬರೆದುಕೊಡುತ್ತಾರೆ. ‘ಬಂದರೂ ಬರಬಹುದು’ ಎಂಬುದಕ್ಕೆ ಮಾತ್ರ ಅವರ ಬಳಿ ನಮೂನೆಯಿಲ್ಲ. ಉಳಿದದ್ದು ಅನುಮಾನ. ನೈಯಾಯಿಕರು ಅನುಮಾನವೆಂದರೆ ಜ್ಞಾನದ ದಾರಿ ಎಂದರು. ಕನ್ನಡಿಗರು ಅದೇ ಮಾತನ್ನು ಎರವಲು ತಂದು ಸಂಶಯ ಎಂಬರ್ಥದಲ್ಲಿ ಬಳಸಿದರು. ಪಕ್ಕದವನು ಸೀನಿದಾಗ ಇಬ್ಬರ ಅರ್ಥವೂ ಒಂದೇ ಕ್ಷಣದಲ್ಲಿ ಕೂಡಿಬರುತ್ತದೆ. ಹೊಗೆ ಕಂಡರೆ ಬೆಂಕಿಯಿದೆ ಎನ್ನುವಂತೆ ಸೀನು ಕೇಳಿದರೆ ಸೋಂಕಿದೆ ಎನ್ನೋಣವೆಂದರೆ, ರೆಕಾರ್ಡು ರೂಮಿನ ಬಾಗಿಲು ತೆರೆದಾಗಲೆಲ್ಲ ಇಡೀ ಕಚೇರಿಯೇ ಸೀನುತ್ತದೆ. ಕಣ್ಣು ಕೆಂಪಾಗುವುದಕ್ಕಾದರೂ ಧೂಳು ಸಾಕು, ಹಿಂದಿನ ರಾತ್ರಿಯ ಮದುವೆ ಊಟ ಸಾಕು, ಮೇಲಧಿಕಾರಿಯ ಮೆಮೊ ಸಾಕು. ಹೇತು ವ್ಯಭಿಚಾರಿಯಾದಲ್ಲಿ ಅನುಮಾನ ಬಿದ್ದುಹೋಗುತ್ತದೆ. ಸಂಶಯ ಮಾತ್ರ ಎದ್ದು ನಿಲ್ಲುತ್ತದೆ.

ಆಗ ನೆರವಿಗೆ ಬರುವುದು ಮೀಮಾಂಸಕರ ಅರ್ಥಾಪತ್ತಿ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆ ಎಂದರೆ ರಾತ್ರಿ ಉಣ್ಣುತ್ತಾನೆ ಎಂದು ಹಿಡಿಯಬೇಕು ಎಂಬುದು ಹಳೆಯ ಉದಾಹರಣೆ. ಕೆಂಪುಕಣ್ಣಿನ ದೇವದತ್ತ ಆಫೀಸಿಗೆ ಬಂದಿದ್ದಾನೆ ಎಂದರೆ ಅವನ ಸಿ.ಎಲ್. ಮುಗಿದಿದೆ ಎಂದು ಹಿಡಿಯಬೇಕು ಎಂಬುದು ಹೊಸದು. ಸಿ.ಎಲ್. ಮುಂದಿನ ವರ್ಷಕ್ಕೆ ಹೋಗುವುದಿಲ್ಲ. ಹಾಗಾಗಿ ಡಿಸೆಂಬರಿನಲ್ಲಿ ಆರು ದಿನ ಉಳಿಸಿಕೊಂಡವನಿಗೆ ಪಕ್ಕದವನು ಕಣ್ಣುಜ್ಜಿಕೊಂಡರೆ ಸಾಕು, ಸಮಾಜದ ಆರೋಗ್ಯದ ಬಗ್ಗೆ ಅಪಾರ ಕಳಕಳಿ ಹುಟ್ಟುತ್ತದೆ; ಅದೇ ಡಿಸೆಂಬರಿನಲ್ಲಿ ಏನೂ ಉಳಿಯದವನು ಎರಡೂ ಕಣ್ಣು ಊದಿಸಿಕೊಂಡು ಬಂದು, ರಾತ್ರಿ ಫ್ಯಾನಿನ ಗಾಳಿ ಬಡಿಯಿತು ಎನ್ನುತ್ತಾನೆ. ವೈರಸ್ಸು ಎರಡು ಕಡೆಯೂ ಒಂದೇ, ಲೆಡ್ಜರು ಬೇರೆ.

ಲೆಡ್ಜರಿನ ಒಳಗೂ ಒಮ್ಮೆ ಇಣುಕೋಣ. 2019ರಲ್ಲಿ ರಾಜ್ಯ ಸರ್ಕಾರ ನೌಕರರಿಗೆ ನಾಲ್ಕನೆಯ ಶನಿವಾರ ರಜೆ ಕೊಟ್ಟು, ಸಿ.ಎಲ್. ಅನ್ನು 15ರಿಂದ 10ಕ್ಕೆ ಇಳಿಸಿತು. ಕಣ್ಣಿನ ವೈರಸ್ಸು 12 ದಿನದವರೆಗೆ ಅಡಗಿರಬಲ್ಲದು; ಸೀತಾಳೆ ಸಿಡುಬಂತೂ 10ರಿಂದ 21 ದಿನ. ಪರಿಷ್ಕೃತ ಆದೇಶದ ಪ್ರತಿಯನ್ನು ಇವಕ್ಕೆ ರವಾನಿಸಿದ ಬಗ್ಗೆ ಕಡತದಲ್ಲಿ ದಾಖಲೆಯಿಲ್ಲ. ಖಾಸಗಿಯವರ ಪಾಡನ್ನು ನೋಡಿದರೆ, 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ವರ್ಷಕ್ಕೆ 12 ದಿನ ಸಂಬಳಸಹಿತ ಕಾಯಿಲೆ ರಜೆ ಕೊಡುತ್ತದೆ; ಇ.ಎಸ್.ಐ. ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70 ಕೊಡುತ್ತದೆ. ಎರಡೂ ಒಳ್ಳೆಯವೇ. ಆದರೆ ಎರಡೂ ಕೊಡುವುದು ಕಾಯಿಲೆ ಬಂದವನಿಗೆ. ಕಾಯಿಲೆಯ ಪಕ್ಕದಲ್ಲಿ ಕೂತಿದ್ದವನು ಕಾನೂನಿನ ಕಣ್ಣಿಗೆ ಗಟ್ಟಿಮುಟ್ಟಾದ ಆಳು. ಅಂದರೆ ಯಜ್ಞದತ್ತನಿಗೆ ರಜೆ ಬೇಕಿದ್ದರೆ ಆಫೀಸಿನಲ್ಲೇ ಕೂತು, ರೋಗ ತರಿಸಿಕೊಂಡು, ನಾಲ್ಕು ಜನಕ್ಕೆ ಹಂಚಿ, ಆಮೇಲೆ ಅರ್ಜಿ ಹಾಕಬೇಕು. ನಿಯಮ ಹೀಗೆಂದು ಎಲ್ಲಿಯೂ ಬರೆದಿಲ್ಲ, ಆದರೆ ಅದರಿಂದ ಹೊರಡುವ ಅರ್ಥ ಇದೇ.

ಇನ್ನು ಹಾಜರಾತಿ ಹಾಕುವ ಕ್ರಿಯೆಯನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು. ಮದ್ರಾಸ್ ಐ ನೋಟದಿಂದ ಹರಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದಕ್ಕೇ ಕಪ್ಪು ಕನ್ನಡಕ. 2023ರ ಮಳೆಗಾಲದಲ್ಲಿ ರಾಜ್ಯದ ತುಂಬ ಕಣ್ಣುಬೇನೆ ಹಬ್ಬಿದಾಗ ಆಫೀಸುಗಳಲ್ಲಿ ಸಿನಿಮಾ ಖಳನಾಯಕರ ಸಭೆ ಸೇರಿದಂತಿತ್ತು. ನಿಜವಾಗಿ ಅದು ಹರಡುವುದು ಹೆಚ್ಚಾಗಿ ಕೈಯಿಂದ: ಕಣ್ಣು ಮುಟ್ಟಿದ ಕೈ, ಆ ಕೈ ಮುಟ್ಟಿದ ವಸ್ತು, ಅದನ್ನು ಮುಟ್ಟಿದ ಇನ್ನೊಂದು ಕೈ, ಆ ಕೈ ಮುಟ್ಟಿದ ಕಣ್ಣು. ಈ ವೈರಸ್ಸು ಒಣ ವಸ್ತುಗಳ ಮೇಲೂ ದಿನಗಟ್ಟಲೆ ಬದುಕುತ್ತದೆ. ಕಪ್ಪು ಕನ್ನಡಕ ಹಾಕಿದ ದೇವದತ್ತ ದಿನಕ್ಕೆ ಇಪ್ಪತ್ತು ಸಲ ಅದನ್ನು ಎತ್ತಿ, ಬೆರಳಿನಿಂದ ಕಣ್ಣೊರೆಸಿ, ಅದೇ ಬೆರಳಿಗೆ ಉಗುಳು ಮುಟ್ಟಿಸಿ ಫೈಲಿನ ಹಾಳೆ ತಿರುವುತ್ತಾನೆ. ಬೆಳಿಗ್ಗೆ ಬಂದ ತಕ್ಷಣ ಅವನು ಹೆಬ್ಬೆರಳು ಒತ್ತಿದ್ದು ಬಯೋಮೆಟ್ರಿಕ್ ಯಂತ್ರದ ಗಾಜಿನ ಮೇಲೆ. ಮುಂದಿನ ಹೆಬ್ಬೆರಳು ಯಜ್ಞದತ್ತನದು. ‘ನಾನು ಕೆಲಸಕ್ಕೆ ಬಂದಿದ್ದೇನೆ’ ಎಂದು ರುಜುವಾತು ಮಾಡುವ ಉಪಕರಣವೇ ಕೆಲಸಕ್ಕೆ ಬಾರದಂತೆ ಮಾಡುವ ಉಪಕರಣವೂ ಆಗುವುದನ್ನು ಅಲಂಕಾರಶಾಸ್ತ್ರದಲ್ಲಿ ವಿರೋಧಾಭಾಸ ಎನ್ನುತ್ತಾರೆ. 2020ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ತನ್ನ ನೌಕರರಿಗೆ ಈ ಹೆಬ್ಬೆಟ್ಟಿನಿಂದ ವಿನಾಯಿತಿ ಕೊಟ್ಟಿತ್ತು. ಯಂತ್ರ ಇನ್ನೂ ಗೋಡೆಯ ಮೇಲೇ ಇದೆ. ಅದರ ಕೆಳಗೆ, ಕೌಂಟರಿನಲ್ಲಿ, ದಾರ ಕಟ್ಟಿದ ಬಾಲ್‌ಪೆನ್ನಿದೆ; ಅದರ ಬಗ್ಗೆ ಯಾವ ಸರ್ಕಾರವೂ ಸುತ್ತೋಲೆ ಹೊರಡಿಸಿಲ್ಲ.

ಹಾಗಾದರೆ ಸಿದ್ಧಾಂತವೇನು? ನಮ್ಮ ಹಿರಿಯರಿಗೆ ಈ ಪ್ರಶ್ನೆ ಹೊಸದಾಗಿರಲಿಲ್ಲ. ಪ್ಲೇಗಿನ ಕಾಲದಲ್ಲಿ ‘ಇಲಿ ಬಿತ್ತು’ ಎಂದರೆ ಸಾಕು, ಊರಿಗೆ ಊರೇ ಹೊಲದ ಗುಡಿಸಲಿಗೆ ಹೋಗಿ ಇರುತ್ತಿತ್ತು. ಮೊದಲು ಇಲಿ ಸಾಯುತ್ತದೆ, ಅದರ ಮೈಮೇಲಿನ ಚಿಗಟ ಮನುಷ್ಯನಿಗೆ ಹತ್ತುತ್ತದೆ. ಈ ಕಾರಣ ಗೊತ್ತಿರದಿದ್ದರೂ ಕ್ರಮ ಸರಿಯಾಗಿತ್ತು. ಸತ್ತ ಇಲಿಯ ಬಳಿ ಯಾರೂ ವೈದ್ಯಕೀಯ ಪ್ರಮಾಣಪತ್ರ ಕೇಳಲಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡದ್ದೂ ಈ ಬಿಡುವ ಬುದ್ಧಿಯಿಂದಲೇ. ಮನೆಯಲ್ಲಿ ಅಮ್ಮ ಬಂದರೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು, ಒಗ್ಗರಣೆ ಹಾಕುತ್ತಿರಲಿಲ್ಲ, ಆ ಮನೆಯವರು ಇನ್ನೊಬ್ಬರ ಮನೆ ಹೊಸ್ತಿಲು ತುಳಿಯುತ್ತಿರಲಿಲ್ಲ. ಸಿಡುಬನ್ನು ಭೂಮಿಯಿಂದ ಓಡಿಸಿದ್ದು ಬೇವಲ್ಲ, ಲಸಿಕೆ; ಒಗ್ಗರಣೆಗೂ ವೈರಸ್ಸಿಗೂ ಸಂಬಂಧವಿಲ್ಲ ಎಂಬುದನ್ನೂ ಒಪ್ಪೋಣ. ಗಮನಿಸಬೇಕಾದ್ದು, ಮನೆಯಲ್ಲಿದ್ದ ನಿರೋಗಿಗೂ ಆ ಪದ್ಧತಿಯಲ್ಲಿ ಒಂದು ಸ್ಥಾನವಿತ್ತು.

ಎಲ್ಲಕ್ಕಿಂತ ಸೊಗಸಾದ ಮಾದರಿ ಸೂತಕದ್ದು. ಧರ್ಮಶಾಸ್ತ್ರ ಸಪಿಂಡರಿಗೆ (ಹತ್ತಿರದ ದಾಯಾದಿಗಳಿಗೆ) ಹತ್ತು ದಿನ ಎನ್ನುತ್ತದೆ, ಸಮಾನೋದಕರಿಗೆ (ದೂರದ ದಾಯಾದಿಗಳಿಗೆ) ಮೂರು, ಆಚೆಯವರಿಗೆ ಸ್ನಾನ ಮಾತ್ರ. ನಿನಗೆ ನಿಜವಾಗಿ ದುಃಖವಾಗಿದೆಯೇ, ಪುರಾವೆ ಕೊಡು ಎಂದು ಯಾರೂ ಕೇಳುವುದಿಲ್ಲ. ಸಂಬಂಧ ನೋಡಿ, ದಿನ ಎಣಿಸಿ, ಮುಗಿಸುತ್ತಾರೆ. ಇದನ್ನೇ ಕಚೇರಿಗೆ ಅನ್ವಯಿಸಬೇಕೆಂದು ನಾವು ಸೂಚಿಸುತ್ತೇವೆ. ಸೀತಾಳೆ ಸಿಡುಬಿನಂಥದ್ದಾದರೆ, ಅದು ಹಿಂದೆ ಬಾರದ ಮತ್ತು ಲಸಿಕೆಯಿಲ್ಲದ ಮನೆಯವರೂ ಒಂದೇ ಕೋಣೆಯಲ್ಲಿ ದಿನವಿಡೀ ಕೂರುವವರೂ ಸಪಿಂಡರು. ಅವರಿಗೆ ಡಾಕ್ಟರು ಎಣಿಸಿದಷ್ಟು ದಿನ. ಬೈಟು ಕುಡಿದವರು ಅಕ್ಷರಶಃ ಸಮಾನೋದಕರು, ಲೋಟ ಎರಡಾದರೂ ಉದಕ ಒಂದೇ. ಕಣ್ಣುಬೇನೆಯಂಥದ್ದಕ್ಕೆ ಯಜ್ಞದತ್ತನಿಗೆ ‘ಸ್ನಾನ ಮಾತ್ರ’: ಸೋಪು ಹಾಕಿ ಕೈ ತೊಳೆಯುವುದು, ಕಣ್ಣು ಮುಟ್ಟದಿರುವುದು, ಕೆಂಪಾದ ದಿನ ಮನೆಗೆ ಹೊರಡುವುದು. ಡಾಕ್ಟರು ಹೇಳುವುದೂ ಇಷ್ಟೇ; ಗ್ರಂಥರೂಪದಲ್ಲಿ ಹೇಳಿದರೆ ಪಾಲಿಸುತ್ತಾರೇನೋ ಎಂಬ ಆಸೆ ನಮ್ಮದು. ಒಂದೇ ಷರತ್ತು, ಸೂತಕದ ದಿನಗಳನ್ನು ಸಿ.ಎಲ್.ನಲ್ಲಿ ಕಳೆಯಕೂಡದು.

ಇಲ್ಲಿ ಪೂರ್ವಪಕ್ಷಿ ಏಳುತ್ತಾನೆ. ಮೈಲಿಗೆಯ ಹೆಸರಿನಲ್ಲಿ ಈ ನಾಡು ಮನುಷ್ಯರನ್ನು ಊರಾಚೆ ಇಟ್ಟದ್ದು ಸಾಲದೆ, ಅದನ್ನೇ ಆಫೀಸಿಗೂ ತರುತ್ತೀರಾ ಎಂದು ಕೇಳುತ್ತಾನೆ. ಆಕ್ಷೇಪ ತೂಕದ್ದು, ನಗೆಯಲ್ಲಿ ತೇಲಿಸುವಂಥದ್ದಲ್ಲ. ಸೂತಕ ನಮ್ಮದೇ ಮನೆಗೆ ಬರುತ್ತದೆ ಮತ್ತು ಹನ್ನೊಂದನೆಯ ದಿನ ತಾನಾಗಿ ಬಿಡುತ್ತದೆ. ಊರಾಚೆ ಇಟ್ಟದ್ದು ಹುಟ್ಟಿನಿಂದ ಅಂಟಿಸಿ ಎಂದೂ ಬಿಡಿಸದ್ದು. ದಿನ ಎಣಿಸಲಾಗದ ಯಾವ ಸೂತಕವನ್ನೂ ನಮ್ಮ ಸಿದ್ಧಾಂತ ಒಪ್ಪುವುದಿಲ್ಲ. ಎರಡನೆಯ ಆಕ್ಷೇಪ ಶಿರಸ್ತೇದಾರರದು: ಹೀಗೆ ಬಿಟ್ಟರೆ ಎಲ್ಲರೂ ಬೈಟು ಕುಡಿದವರೇ ಆಗುತ್ತಾರೆ. ಆಗಬಹುದು. ಅಜ್ಜಿಯನ್ನು ಮೂರು ಸಲ ಸಾಯಿಸಿ ರಜೆ ಪಡೆದವರು ಈಗಲೂ ಇದ್ದಾರೆ, ಅದಕ್ಕೆಂದು ಅಂತ್ಯಕ್ರಿಯೆಗೆ ರಜೆ ಕೊಡುವುದನ್ನು ನಿಲ್ಲಿಸಿಲ್ಲ. 2020ರಲ್ಲಿ ಇದೇ ರಾಜ್ಯ ಸರ್ಕಾರ ರೋಗಿಯೂ ಅಲ್ಲದ ನಿರೋಗಿಯೂ ಅಲ್ಲದ ಯಜ್ಞದತ್ತನನ್ನು ಒಮ್ಮೆ ಗುರುತಿಸಿತ್ತು: ಕೈಗೆ ಸೀಲು ಒತ್ತಿ, ಮನೆಯಲ್ಲಿ ಕೂರಿಸಿ, ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸೆಂದಿತ್ತು. ಅಷ್ಟು ಅಕ್ಕರೆ ಬೇಡ, ಸಂಬಳ ಕಡಿಯದಿದ್ದರೆ ಸಾಕು.

ಮೂರನೆಯ ಆಕ್ಷೇಪವನ್ನು ಯಾರೂ ಎತ್ತುವುದಿಲ್ಲ, ಎತ್ತಬೇಕಾದವರಿಗೆ ಬಿಡುವಿಲ್ಲ. ನಾಲ್ಕು ಮನೆಯ ಪಾತ್ರೆ ತೊಳೆಯುವಾಕೆ, ದರ್ಶಿನಿಯಲ್ಲಿ ಲೋಟ ಎತ್ತುವ ಹುಡುಗ, ದಿನಗೂಲಿಯ ಗಾರೆ ಕೆಲಸದವನು: ಇವರಿಗೆ ಸಿ.ಎಲ್. ಇಲ್ಲ, ಲೆಡ್ಜರಿಲ್ಲ, ಆದ್ದರಿಂದ ಪ್ರಶ್ನೆಯೂ ಇಲ್ಲ. ಅವರು ಉಳಿಯುತ್ತಾರೆ. ನಮ್ಮ ಸಿದ್ಧಾಂತಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಇನ್ನೊಂದಿಲ್ಲ.

ಸರ್ಕಾರ ಈ ಪ್ರಬಂಧವನ್ನು ಪರಿಶೀಲಿಸಿ ಆದೇಶ ಹೊರಡಿಸುವವರೆಗೆ ಓದುಗರಲ್ಲಿ ಒಂದೇ ಪ್ರಾರ್ಥನೆ: ಮುಂದಿನ ಸಲ ತಾಲ್ಲೂಕು ಕಚೇರಿಗೆ ಹೋಗುವಾಗ ನಿಮ್ಮ ಪೆನ್ನು ನೀವೇ ಜೇಬಿನಲ್ಲಿಟ್ಟುಕೊಂಡು ಹೋಗಿ.