ಕೊಬ್ಬುಗಂಟು ಮೀಮಾಂಸೆ: ಕುಂಬಾರಕೊಪ್ಪಲು ಪಾಠ

ಚರ್ಮದ ಕೆಳಗೆ, ತೆಳುವಾದ ಪೊರೆಯೊಳಗೆ, ಯಾರ ಉಸಾಬರಿಗೂ ಹೋಗದೆ ಕೂತ ಕೊಬ್ಬಿನ ಮುದ್ದೆಗೆ ಡಾಕ್ಟರು ಲಿಪೋಮಾ ಎನ್ನುತ್ತಾರೆ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಇದರ ಹಿರೀಕನೊಬ್ಬನಿದ್ದಾನೆ, ಮೇದೋಜ ಗ್ರಂಥಿ: ನುಣುಪು, ನೋವು ಅಲ್ಪ, ಒಡೆದರೆ ತುಪ್ಪದಂಥ ಮೇದಸ್ಸು. ತುಪ್ಪದ ಹೆಸರೆತ್ತಿದ್ದೇ ಮೈಸೂರು ಸೀಮೆಯಲ್ಲಿ ಅನರ್ಥಕ್ಕೆ ಮೂಲವಾಯಿತೆಂದು ಈ ಲೇಖಕನ ಗುಮಾನಿ.

ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಗಂಟು ಖಾಸಗಿ ಆಸ್ತಿಯಲ್ಲ. ಒಬ್ಬನ ಹೆಗಲಲ್ಲಿ ಕಂಡರೆ ಸಾಕು, ಟೀ ಅಂಗಡಿ ಮುಂದೆ ವಿದ್ವತ್ಸಭೆ ಸೇರಿ ಎಲ್ಲರೂ ಒತ್ತಿ ನೋಡುತ್ತಾರೆ. ಗಂಟು, ಬಾಡಿಗೆ ಕೇಳಿದಾಗ ಬಾಡಿಗೆದಾರ ನುಣುಚಿಕೊಳ್ಳುವ ಹಾಗೆ, ಬೆರಳಿನಡಿ ಜಾರುತ್ತದೆ. ಲಿಪೋಮಾದ ಶಾಸ್ತ್ರೋಕ್ತ ಲಕ್ಷಣವೇ ಅದು.

ಇನ್ನು ಪೂರ್ವಪಕ್ಷ. ತುಪ್ಪವಾದಿಗಳು: “ಮೈಸೂರ್‌ಪಾಕ್ ಬಿಡಣ್ಣ, ಕರಗೋಯ್ತದೆ.” ಖಂಡನೆ: ತೂಕ ಇಳಿಸಿದರೂ ಕರಗದು, ಸಣಕಲು ಮೈಯವರಿಗೂ ಬರುತ್ತದೆ. ಸುಣ್ಣವಾದಿಗಳ ಲೇಪದಿಂದ ಚರ್ಮ ಸುಟ್ಟೀತು, ಗಂಟು ಅಲ್ಲೇ ಇದ್ದೀತು. ಕತ್ತಿಭೀತರ ಪಂಥವೇ ದೊಡ್ಡದು: “ಕತ್ತಿ ತಾಕಿದ್ರೆ ಕ್ಯಾನ್ಸರ್ ಆಯ್ತದೆ ಕಣಪ್ಪ!” ಇದಕ್ಕೆ ಆಧಾರವಿಲ್ಲ, ಅನುಯಾಯಿಗಳಿದ್ದಾರೆ.

ಮೈಸೂರು ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂತು. ಅಲ್ಲಿಂದೀಚೆ ವಿಷಯ ತಿಳಿದವರನ್ನು ಕೇಳಲು ಪುರುಸೊತ್ತು ಧಾರಾಳವಾಗಿತ್ತು. ಕೇಳಿದ್ದರೆ ಸಿಗುತ್ತಿದ್ದ ಸಿದ್ಧಾಂತ: ಬಹುಪಾಲು ಗಂಟುಗಳನ್ನು ತೆಗೆಯಲೇಬೇಕೆಂದಿಲ್ಲ. ನೋವಿದ್ದರೆ, ಅಂಗಿಗೆ ಉಜ್ಜುತ್ತಿದ್ದರೆ, ನೋಡಿಕೊಂಡು ಬೇಜಾರಾದರೆ ತೆಗೆಸಬಹುದು. 5 ಸೆಂಟಿಮೀಟರ್ ಮೀರಿದ್ದು, ಬೇಗ ಬೆಳೆಯುತ್ತಿರುವುದು, ಗಟ್ಟಿಯಾಗಿ ಆಳದಲ್ಲಿ ಕಚ್ಚಿಕೊಂಡದ್ದು ಮಾತ್ರ ಮೊದಲು ಸ್ಕ್ಯಾನ್ ನೋಡಬೇಕಾದ ಜಾತಿ.

ಕರ್ಮಕಾಂಡ ಹೀಗೆ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಬಾಯಿ ಬಿಡಬೇಕು. ಸಣ್ಣ ಗಂಟಿಗೆ ಸುತ್ತಲೂ ಮರಗಟ್ಟಿಸುವ ಲಿಗ್ನೋಕೇನ್ ಚುಚ್ಚುತ್ತಾರೆ. ಆ ಕ್ಷಣ ಚುರ್ರೆಂದು ಉರಿಯುತ್ತದೆ, ಕೂಗಲು ಪ್ರಶಸ್ತ ಮುಹೂರ್ತ ಅದೇ. ಆಮೇಲೆ ನೋವಿಲ್ಲ, ಎಳೆದಾಟ ಮಾತ್ರ ತಿಳಿಯುತ್ತದೆ. ಎಚ್ಚರವಾಗಿರುವುದರಿಂದ ಡಾಕ್ಟರು, ಸಿಸ್ಟರು ಮಾತಾಡುವ ಲೋಕವಾರ್ತೆಯೂ ಕಿವಿಗೆ ಬೀಳುತ್ತದೆ. ಚರ್ಮ ಸೀಳಿ, ಪೊರೆ ಬಿಡಿಸಿ, ಒತ್ತಿದರೆ ಹಳದಿ ಮುದ್ದೆ ಪುಳಕ್ಕನೆ ಹೊರಗೆ. ಸಾಮಾನ್ಯವಾಗಿ ಅರ್ಧ ಗಂಟೆಯ ಕೆಲಸ. ಪೊರೆ ಸಮೇತ ಪೂರ್ತಿ ಬಂದರೆ ಅದೇ ಜಾಗದಲ್ಲಿ ಮತ್ತೆ ಹುಟ್ಟುವುದು ಅಪರೂಪ. ತೆಗೆದದ್ದು ಪರೀಕ್ಷೆಗೆ ಲ್ಯಾಬಿಗೆ. ಮನೆಗೊಯ್ದು ತೋರಿಸುತ್ತೇನೆಂಬ ಹಟ ಬೇಡ.

ಉತ್ತರಕಾಂಡದಲ್ಲಿ ಗಾಯ ಒದ್ದೆ ಮಾಡಬಾರದು. ಬೆನ್ನು, ಹೆಗಲಿನ ಹೊಲಿಗೆ ಬಿಚ್ಚಲು 10ರಿಂದ 14 ದಿನ. ಖಾಲಿ ಜಾಗದಲ್ಲಿ ನೀರು ತುಂಬಿ ಉಬ್ಬಿದರೆ “ಗಂಟು ವಾಪಸ್ ಬಂತು!” ಎಂದು ಕತ್ತಿಭೀತರು ಹಬ್ಬ ಮಾಡುತ್ತಾರೆ, ಅದು ತಾನಾಗಿ ಇಂಗಬಹುದು, ಇಲ್ಲವೇ ಸೂಜಿಯಲ್ಲಿ ತೆಗೆಯುತ್ತಾರೆ. ಕೀವು, ಕೆಂಪು, ಜ್ವರ ಬಂದರೆ ಟೀ ಅಂಗಡಿಗಲ್ಲ, ಆಸ್ಪತ್ರೆಗೆ ಹೋಗಬೇಕು. ಕಲೆ ಉಳಿಯುತ್ತದೆ.

ಒಬ್ಬನ ಹೊಲಿಗೆ ಬಿಚ್ಚಿದ ಸಂಜೆ ಕತ್ತಿಭೀತ ಪಂಥದ ಹಿರಿಯರು ಕಲೆಯನ್ನು ಪರಿಶೀಲಿಸಿ, ಅತ್ತಿತ್ತ ನೋಡಿ, ಅಂಗಿತೋಳು ಮೇಲೆತ್ತಿದರು: “ಎಷ್ಟಾಯ್ತದಂತೆ? ನಂದೂ ಒಂದೈತೆ.”